ಗಣಿಯ ಕಥೆ ಓದುವಾಗ ಅಪ್ಪ ಎದ್ದು ಹೋದರು

ಪ್ರಶ್ನೆ: ನಾನು ರಾಬರ್ಟ್‌ಸನ್‌ಪೇಟೆಯವಳು. ಬಂಗಾರಪೇಟೆ ಕಡೆ ಹೈಸ್ಕೂಲ್ ಟೀಚರ್. ಭಾನುವಾರ ಸಂಜೆ ನಮ್ಮ ಮನೆಯಲ್ಲಿ ಹತ್ತು ಹನ್ನೊಂದು ಜನ ಸೇರಿ ಪುಸ್ತಕ ಓದುತ್ತೇವೆ. ಈಗ ಎಮಿಲ್ ಜೋಲಾ ಬರೆದ ‘ಜೆರ್ಮಿನಾಲ್’ ಹಿಡಿದಿದ್ದೇವೆ. ಫ್ರಾನ್ಸಿನ ಕಲ್ಲಿದ್ದಲು ಗಣಿ ಕಾರ್ಮಿಕರ ಕಾದಂಬರಿ ಅಲ್ವಾ, ಕೆಜಿಎಫ್‌ನವರಿಗೆ ಹತ್ತಿರವಾಗುತ್ತದೆ ಅಂದುಕೊಂಡೆ. ಇಂಗ್ಲಿಷ್ ಅನುವಾದವನ್ನು ಓದಿ ಕನ್ನಡದಲ್ಲಿ ಹೇಳುತ್ತೇನೆ, ನಡುನಡುವೆ ತಮಿಳೂ ಬರುತ್ತದೆ. ಈಗ ತೊಂದರೆ ಶುರುವಾಗಿದೆ. ಕಾಲೇಜು ಹುಡುಗರು, ‘ಬರೀ ಕತ್ತಲೆ, ಗಾಳಿ, ಏಣಿ, ಇದನ್ನೆಲ್ಲ ಹಾರಿಸಿ ಕಥೆಗೆ ಬನ್ನಿ’ ಅನ್ನುತ್ತಾರೆ. ಬ್ಯಾಂಕಿನಲ್ಲಿರುವ ಗೆಳೆಯರೊಬ್ಬರು, ‘ಸಾಹುಕಾರ ಕೆಟ್ಟವನು, ಬಡವ ಒಳ್ಳೆಯವನು ಅನ್ನೋ ಪ್ರಚಾರದ ಪುಸ್ತಕ ಇದು’ ಅಂತ ವಾದ ಮಾಡುತ್ತಾರೆ. ಇನ್ನೊಬ್ಬರಿಗೆ ಇದನ್ನೇ ಕೆಜಿಎಫ್ ಕಥೆ ಮಾಡಿ ಕಾಲೇಜ್ ಡೇಗೆ ನಾಟಕ ಆಡಿಸುವ ಆಸೆ. ಇದೆಲ್ಲ ಹೇಗೋ ಆಗುತ್ತದೆ. ನಮ್ಮ ಅಪ್ಪನಿಗೆ 74 ವರ್ಷ. ಚಾಂಪಿಯನ್ ರೀಫ್‌ನಲ್ಲಿ ಮೈನ್ಸ್ ಮುಚ್ಚುವವರೆಗೆ 26 ವರ್ಷ ಒಳಗೆ ಕೆಲಸ ಮಾಡಿದವರು. ಮೂರು ವಾರ ನಮ್ಮ ಜೊತೆ ಸುಮ್ಮನೆ ಕೂತು ಕೇಳಿದರು. ಮುದುಕ ಕೆಮ್ಮಿ ಕೆಮ್ಮಿ ಕಪ್ಪಗೆ ಉಗುಳುವ ಭಾಗ ಬಂದಾಗ ಎದ್ದು, ‘ನಮ್ಮನ್ನ ಹೀಗೆಲ್ಲಾ ಬರೀಬಾರದು’ ಅಂತ ಹೇಳಿ ಒಳಗೆ ಹೋದರು. ಆಮೇಲೆ ಬರಲಿಲ್ಲ. ಓದು ನಿಲ್ಲಿಸಬೇಕಾ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ನಾಲ್ಕು ಪ್ರಶ್ನೆ ಇವೆ. ನಿಮ್ಮನ್ನು ಕಾಡುತ್ತಿರುವುದು ಮಾತ್ರ ಒಂದೇ, ತಂದೆಯವರು ಎದ್ದು ಹೋದದ್ದು. ಅಲ್ಲಿಗೆ ಬರುತ್ತೇನೆ. ಆದರೆ ನಿಮ್ಮ ಹುಡುಗರು ಹಾರಿಸಿ ಅಂದ ಕತ್ತಲೆಯ ಪುಟಗಳನ್ನು ದಾಟದೆ ಅಲ್ಲಿಗೆ ಹೋಗುವುದು ಕಷ್ಟ.

ಕೋಲಾರದ ಕಾಲೇಜೊಂದರಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಸಾಹಿತ್ಯ ಹೇಳಿಕೊಟ್ಟೆ. ಈ ಕಾದಂಬರಿಯನ್ನು ಆರೇಳು ಸಲ ಪಾಠ ಮಾಡಿದ್ದೇನೆ. ಮೊದಲ ಎರಡು ಸಲ ಕೆಟ್ಟದಾಗಿ ಮಾಡಿದೆ. ನಾನೂ ಜಾಗದ ವರ್ಣನೆ ಬಂದ ಕಡೆ ಜೋರಾಗಿ ಓದಿ ಮುಂದೆ ಹೋಗುತ್ತಿದ್ದೆ. ‘ಇದು ವಾತಾವರಣ, ಬರೆದುಕೊಳ್ಳಿ’ ಅಂತ ನೋಟ್ಸ್ ಕೊಡುತ್ತಿದ್ದೆ. ಮೂರನೇ ಸಲ ಕೆಜಿಎಫ್‌ನ ಮಾರಿಕುಪ್ಪಂನಿಂದ ಬರುತ್ತಿದ್ದ ಒಬ್ಬ ಹುಡುಗ ನನ್ನನ್ನು ನಿಲ್ಲಿಸಿದ. ಆ ಮಾತನ್ನು ಆಮೇಲೆ ಹೇಳುತ್ತೇನೆ.

ಮೊದಲ ಪುಟ ಮತ್ತೊಮ್ಮೆ ತೆಗೆಯಿರಿ. ಮಾರ್ಚ್ ತಿಂಗಳ ರಾತ್ರಿ. ನಕ್ಷತ್ರವಿಲ್ಲ. ಬೀಟ್‌ರೂಟ್ ಹೊಲಗಳ ನಡುವೆ ಹತ್ತು ಕಿಲೋಮೀಟರ್ ನೇರ ರಸ್ತೆ. ಎತಿಯೆನ್ ಎಂಬ ಹುಡುಗ ಒಬ್ಬನೇ ನಡೆಯುತ್ತಿದ್ದಾನೆ. ರೈಲ್ವೆ ವರ್ಕ್‌ಶಾಪಿನಲ್ಲಿ ಮೇಲಿನವನ ಕೆನ್ನೆಗೆ ಹೊಡೆದು ಕೆಲಸ ಕಳೆದುಕೊಂಡವನು. ಕಾಲ ಕೆಳಗಿನ ನೆಲವೂ ಅವನಿಗೆ ಕಾಣುವುದಿಲ್ಲ. ಮೊದಲು ಕಾಣುವುದು ಬಯಲಿನಲ್ಲಿ ಉರಿಯುವ ಮೂರು ಬೆಂಕಿ. ಚಳಿಗೆ ಕೈ ಮರಗಟ್ಟಿದೆ, ಬೆಂಕಿಯ ಹತ್ತಿರ ಹೋಗುತ್ತಾನೆ. ಅಷ್ಟೇ. ಗಣಿ ಅವನನ್ನು ಹಾಗೆ ಒಳಗೆ ಎಳೆದುಕೊಳ್ಳುತ್ತದೆ. ಅವನಿಗೆ ಆದರ್ಶವೂ ಇಲ್ಲ, ಹಟವೂ ಇಲ್ಲ. ಚಳಿ ಇದೆ, ಹಸಿವು ಇದೆ, ದೂರದಲ್ಲಿ ಬೆಂಕಿ ಇದೆ. ನೀವು ಚಳಿಯನ್ನು ಹಾರಿಸಿದರೆ ಅವನು ಯಾಕೆ ಅಲ್ಲಿ ನಿಂತ ಅನ್ನುವುದೇ ಹೋಗಿಬಿಡುತ್ತದೆ.

ಅಲ್ಲೇ ಬೆಂಕಿಯ ಪಕ್ಕ ನಿಮ್ಮ ತಂದೆಯವರನ್ನು ನೋಯಿಸಿದ ಆ ಮುದುಕ ಸಿಗುತ್ತಾನೆ. ಹೆಸರು ಬೊನ್‌ಮೋರ್, ಅಂದರೆ ‘ಒಳ್ಳೆ ಸಾವು’. ಮೂರು ಸಲ ಗಣಿಯೊಳಗಿಂದ ಜೀವಂತ ಎಳೆದು ತಂದದ್ದಕ್ಕೆ ಜನ ತಮಾಷೆಗೆ ಇಟ್ಟ ಹೆಸರು. ನಾವು ಮುದುಕ ಅನ್ನುತ್ತೇವೆ, ಅವನಿಗೆ 58 ವರ್ಷ. ಎಂಟು ತುಂಬುವ ಮೊದಲೇ ಗಣಿಗೆ ಇಳಿದವನು. ‘ಈ ಗಣಿ ಯಾರದ್ದು?’ ಅಂತ ಎತಿಯೆನ್ ಕೇಳಿದಾಗ ಅವನಿಗೆ ಗೊತ್ತಿಲ್ಲ. ಕತ್ತಲಿನಲ್ಲಿ ಎಲ್ಲೋ ದೂರಕ್ಕೆ ಕೈ ತೋರಿಸುತ್ತಾನೆ, ಯಾರೋ ಜನರದ್ದು ಅಂತ. ದೇವರ ಗರ್ಭಗುಡಿಯ ವಿಷಯ ಹೇಳುವವನ ಹಾಗೆ ದನಿಯಲ್ಲಿ ಭಯ ಇರುತ್ತದೆ. ಐವತ್ತು ವರ್ಷ ದುಡಿದರೂ ಯಾರಿಗೆ ದುಡಿದೆ ಅಂತ ಅವನಿಗೆ ಗೊತ್ತಿಲ್ಲ. ಜೋಲಾ ಅಲ್ಲಿ ಅಸಮಾನತೆ ಅನ್ನುವ ಪದವನ್ನೇ ಬಳಸುವುದಿಲ್ಲ. ಕತ್ತಲೆ ಮತ್ತು ಒಂದು ಕೈಸನ್ನೆ ಸಾಕಾಗಿದೆ.

ನನ್ನ ಅಭಿಪ್ರಾಯ ಇಷ್ಟು. ಈ ಪುಸ್ತಕದಲ್ಲಿ ಜಾಗದ ವರ್ಣನೆ ಅಂದರೆ ಅಂಗಡಿಯ ಲೆಕ್ಕದ ಪುಸ್ತಕ ಇದ್ದ ಹಾಗೆ. ಯಾರಿಗೆ ಎಷ್ಟು ಬೆಳಕು, ಎಷ್ಟು ಶಾಖ, ಎಷ್ಟು ನಿದ್ದೆ, ಎಷ್ಟು ರೊಟ್ಟಿ, ಎಲ್ಲ ಬರೆದಿಟ್ಟಿದೆ. ನಂಬಿಕೆ ಬರದಿದ್ದರೆ ಹೀಗೆ ಮಾಡಿ. ಕಾದಂಬರಿಯಲ್ಲಿ ಏಳು ಭಾಗ ಇವೆ. ಮೊದಲ ಎರಡು ಭಾಗದಲ್ಲಿ ನಡೆಯುವುದು ಒಂದೇ ದಿನದ ಕಥೆ. ಮೊದಲ ಭಾಗದಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಮಹೂ ಎಂಬ ಕಾರ್ಮಿಕನ ಮನೆ ಏಳುತ್ತದೆ. ಹತ್ತು ಜನರ ಸಂಸಾರ. ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ. ನಿನ್ನೆಯ ಕಾಫಿ ಗಸಿಗೇ ಮತ್ತೆ ನೀರು ಹಾಕಿ ಕುಡಿಯುತ್ತಾರೆ. ಗಂಡಸರು, ಹದಿನೈದು ವರ್ಷದ ಮಗಳು ಕ್ಯಾಥರಿನ್, ಹನ್ನೊಂದರ ಹುಡುಗ, ಎಲ್ಲರೂ 554 ಮೀಟರ್ ಕೆಳಗೆ ಇಳಿಯುತ್ತಾರೆ. ಎರಡನೇ ಭಾಗ ಶುರುವಾಗುವುದು ಗಣಿಯ ಷೇರುದಾರ ಗ್ರೆಗ್ವಾರ್ ಮನೆಯಲ್ಲಿ. ಅದೇ ದಿನ, ಅದೇ ಬೆಳಗ್ಗೆ. ಒಲೆ ಬೆಚ್ಚಗಿದೆ. ಮಗಳು ಸೆಸಿಲ್ ಇನ್ನೂ ಮಲಗಿದ್ದಾಳೆ. ಅಪ್ಪ ಅಮ್ಮ ಬಾಗಿಲ ಹತ್ತಿರ ನಿಂತು ಮಗಳ ನಿದ್ದೆ ನೋಡಿ ಖುಷಿಪಡುತ್ತಾರೆ. ಅಡುಗೆಯವಳು ಬ್ರಿಯೋಶ್ ಮಾಡುತ್ತಿದ್ದಾಳೆ. ಬೆಣ್ಣೆ, ಮೊಟ್ಟೆ ಹಾಕಿದ ಮೆತ್ತನೆ ಬನ್ ಅಂತ ನಿಮ್ಮ ಗುಂಪಿಗೆ ಹೇಳಿ, ನಮ್ಮ ಬೇಕರಿ ಭಾಷೆಯಲ್ಲಿ ಅಷ್ಟು ಸಾಕು.

ಇಬ್ಬರು ಹುಡುಗಿಯರ ನಿದ್ದೆಯನ್ನು ಅಕ್ಕಪಕ್ಕ ಇಟ್ಟು ಓದಿ. ಆ ಕಾಲೇಜು ಹುಡುಗರು ಆಮೇಲೆ ‘ಹಾರಿಸಿ’ ಅನ್ನುವುದಿಲ್ಲ. ನನ್ನ ಕ್ಲಾಸಿನಲ್ಲಿ ಇದು ಪ್ರತಿ ಸಲ ಕೆಲಸ ಮಾಡಿದೆ.

ಇನ್ನು ನಿಮ್ಮ ಬ್ಯಾಂಕಿನ ಗೆಳೆಯರ ಮಾತು. ಸಾಹುಕಾರ ಕೆಟ್ಟವನು ಅನ್ನುವ ಪುಸ್ತಕ ಇದು ಅನ್ನುವುದನ್ನು ನಾನೂ ತುಂಬಾ ಕೇಳಿದ್ದೇನೆ. ಪೂರ್ತಿ ಓದದವರು ಇದನ್ನು ಜಾಸ್ತಿ ಹೇಳುತ್ತಾರೆ. ಗ್ರೆಗ್ವಾರ್ ದಂಪತಿ ಕೆಟ್ಟವರೇ ಅಲ್ಲ. ಯಾರಿಗೂ ಬೈಯುವುದಿಲ್ಲ, ಆಳುಗಳನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ, ದಾನ ಮಾಡುತ್ತಾರೆ. ಹಿಂದಿನ ಶತಮಾನದಲ್ಲಿ ಅವರ ಮುತ್ತಾತ 10,000 ಫ್ರಾಂಕ್ ಕೊಟ್ಟು ಗಣಿಯ ಒಂದು ಪಾಲು ಕೊಂಡಿದ್ದ. ಈಗ ಅದರಿಂದ ವರ್ಷಕ್ಕೆ 40,000 ಫ್ರಾಂಕ್ ಬರುತ್ತದೆ. ಮಹೂ ಮನೆಯಲ್ಲಿ ಐದು ಜನ ದುಡಿದರೂ ದಿನಕ್ಕೆ ಒಂಬತ್ತು ಫ್ರಾಂಕ್ ದಾಟುವುದಿಲ್ಲ ಅಂತ ಅವನ ಹೆಂಡತಿಯೇ ಲೆಕ್ಕ ಹಾಕುತ್ತಾಳೆ. ವರ್ಷದ 365 ದಿನವೂ ಕೂಲಿ ಸಿಕ್ಕಿತು ಅಂತಲೇ ಇಟ್ಟುಕೊಳ್ಳೋಣ. ಆಗಲೂ 3,285 ಫ್ರಾಂಕ್. ಬ್ಯಾಂಕಿನವರಿಗೆ ಈ ಎರಡು ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ಕೊಡಿ, ವಾದ ಬೇಡ.

ಅದೇ ದಿನ ಮಹೂನ ಹೆಂಡತಿ ಇಬ್ಬರು ಚಿಕ್ಕ ಮಕ್ಕಳನ್ನು ಕರೆದುಕೊಂಡು ಕೆಸರಿನಲ್ಲಿ ನಡೆದು ಆ ಮನೆಗೆ ಬರುತ್ತಾಳೆ. ಮನೆಯಲ್ಲಿ ರೊಟ್ಟಿ ಇಲ್ಲ, ಸಾಲ ಕೊಡುವವರಿಲ್ಲ. ಐದು ಫ್ರಾಂಕ್ ಕೇಳುತ್ತಾಳೆ. ಅವರು ಬೆಚ್ಚನೆಯ ಬಟ್ಟೆ ಕೊಡುತ್ತಾರೆ. ದುಡ್ಡು ಕೊಡುವುದಿಲ್ಲ. ಬಡವರ ಕೈಗೆ ದುಡ್ಡು ಸಿಕ್ಕರೆ ಕುಡಿದು ಹಾಳುಮಾಡುತ್ತಾರೆ ಅನ್ನುವುದು ಅವರ ನಂಬಿಕೆ. ಮಕ್ಕಳು ಬ್ರಿಯೋಶ್ ನೋಡುತ್ತಾ ನಿಂತಿವೆ. ಸೆಸಿಲ್ ಎರಡು ತುಂಡು ಕೊಟ್ಟು, ಮನೆಯಲ್ಲಿ ಅಣ್ಣ ಅಕ್ಕಂದಿರ ಜೊತೆ ಹಂಚಿಕೊಳ್ಳಿ ಅನ್ನುತ್ತಾಳೆ. ಆ ಮನೆಯ ಬಾಗಿಲಿನಿಂದ ಆಕೆ ಮೆಗ್ರಾ ಎಂಬ ಅಂಗಡಿಯವನ ಹತ್ತಿರ ಹೋಗಬೇಕಾಗುತ್ತದೆ. ಅವನು ಸಾಲ ಕೊಡುತ್ತಾನೆ, ಆದರೆ ಇನ್ನುಮುಂದೆ ಸಾಮಾನಿಗೆ ಮಗಳನ್ನು ಕಳಿಸು ಅನ್ನುತ್ತಾನೆ. ಆ ಮಾತಿನ ಅರ್ಥ ಊರಿಗೆಲ್ಲ ಗೊತ್ತು. ದಾನ ಮಾಡಿದ ಒಳ್ಳೆಯವರು ಆ ಐದು ಫ್ರಾಂಕ್ ಕೊಟ್ಟಿದ್ದರೆ ಹುಡುಗಿಯ ಮೇಲೆ ಆ ಕಣ್ಣು ಬೀಳುತ್ತಿರಲಿಲ್ಲ. ಜೋಲಾ ಇದನ್ನು ಎಲ್ಲೂ ವಿವರಿಸಿ ಹೇಳುವುದಿಲ್ಲ. ಎರಡು ಬಾಗಿಲನ್ನು ಒಂದರ ಪಕ್ಕ ಒಂದು ಇಟ್ಟು ಸುಮ್ಮನಾಗುತ್ತಾರೆ.

ಗಣಿಯ ಮ್ಯಾನೇಜರ್ ಎನ್‌ಬೋ ಕೂಡ ಸಂಬಳದ ಮನುಷ್ಯನೇ. ದೊಡ್ಡ ಸಂಬಳ, ಮೋಸದ ಮದುವೆ. ಮುಷ್ಕರದ ಜನ ಅವನ ಕಿಟಕಿಯ ಕೆಳಗೆ ‘ರೊಟ್ಟಿ! ರೊಟ್ಟಿ!’ ಅಂತ ಕೂಗುವಾಗ, ರೊಟ್ಟಿ ಸಿಕ್ಕಿಬಿಟ್ಟರೆ ಸುಖ ಸಿಕ್ಕಿತೇ ಅಂತ ಅವನು ಒಳಗೊಳಗೇ ಕುದಿಯುತ್ತಾನೆ. ಅವನ ದುಃಖ ನಿಜವೇ. ಹೊಟ್ಟೆ ತುಂಬಿದವನ ದುಃಖ ಅನ್ನುವುದೂ ನಿಜವೇ. ಎರಡನ್ನೂ ಬರೆಯುವವರು ಪ್ರಚಾರದ ಲೇಖಕರಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ, ಜೋಲಾ ವರ್ಷಗಟ್ಟಲೆ ಗಣಿ ಜನರ ಜೊತೆ ಬದುಕಿದ್ದರು ಅಂತ. ಇಲ್ಲ. 1884ರ ಫೆಬ್ರವರಿ ಕೊನೆಯಲ್ಲಿ ಉತ್ತರ ಫ್ರಾನ್ಸಿನ ಆನ್ಜಾಂ ಎಂಬಲ್ಲಿ ದೊಡ್ಡ ಮುಷ್ಕರ ನಡೆಯುತ್ತಿತ್ತು. ಅಲ್ಲಿಗೆ ಹೋಗಿ ಒಂದು ವಾರದಷ್ಟು ಇದ್ದರು. ಒಂದು ಗಣಿಗೆ ಇಳಿದರು, ಮನೆಗಳನ್ನು ನೋಡಿದರು, ಕಂಡದ್ದನ್ನೆಲ್ಲ ಬರೆದುಕೊಂಡರು. ಪುಸ್ತಕ 1885ರಲ್ಲಿ ಬಂತು. ಆದರೆ ಕಥೆಯನ್ನು ಇಟ್ಟದ್ದು ಸುಮಾರು ಇಪ್ಪತ್ತು ವರ್ಷ ಹಿಂದಕ್ಕೆ, 1866-67ರಲ್ಲಿ. ಹಾಗಾಗಿಯೇ ಕ್ಯಾಥರಿನ್ ನೆಲದೊಳಗೆ ಗಾಡಿ ತಳ್ಳುತ್ತಾಳೆ. ಹೆಂಗಸರು ಗಣಿಯೊಳಗೆ ಇಳಿಯಬಾರದು ಅನ್ನುವ ಕಾನೂನು ಫ್ರಾನ್ಸಿನಲ್ಲಿ 1874ರಲ್ಲೇ ಬಂದಿತ್ತು. ನಿಮ್ಮ ಗುಂಪಿನಲ್ಲಿ ಯಾರಾದರೂ ‘ಸುಳ್ಳು ಬರೆದಿದ್ದಾರೆ’ ಅಂದರೆ ಈ ವರ್ಷಗಳನ್ನು ಹೇಳಿ. ಒಂದು ವಾರ ಅನ್ನುವುದನ್ನು ಮಾತ್ರ ನೆನಪಿಟ್ಟುಕೊಳ್ಳಿ. ನಿಮ್ಮ ತಂದೆಯವರ ವಿಷಯಕ್ಕೆ ಅದು ಬೇಕಾಗುತ್ತದೆ.

ಈಗ ಮಾರಿಕುಪ್ಪಂ ಹುಡುಗನ ಮಾತಿಗೆ ಬರುತ್ತೇನೆ. ಕಾದಂಬರಿಯಲ್ಲಿ ಮುಷ್ಕರ ಶುರುವಾಗುವುದು ಟಿಂಬರ್ ವಿಷಯಕ್ಕೆ. ಕಲ್ಲಿದ್ದಲು ಕಡಿಯುತ್ತಾ ಮುಂದೆ ಹೋದ ಹಾಗೆ ಮೇಲಿನ ಕಲ್ಲು ಕುಸಿಯದಂತೆ ಮರದ ಕಂಬ ಕೊಡಬೇಕು. ಕಾರ್ಮಿಕರಿಗೆ ಕೂಲಿ ತುಂಬಿದ ಗಾಡಿಯ ಲೆಕ್ಕ. ಕಂಬ ನಿಲ್ಲಿಸುತ್ತಾ ಕೂತರೆ ಗಾಡಿ ಕಡಿಮೆಯಾಗುತ್ತದೆ. ಹಾಗಾಗಿ ಅವಸರದಲ್ಲಿ ಹೇಗೋ ನಿಲ್ಲಿಸುತ್ತಾರೆ. ಕಂಪನಿ ದಂಡ ಹಾಕುತ್ತದೆ. ಆಮೇಲೆ ಹೊಸ ಲೆಕ್ಕ ತರುತ್ತದೆ. ಕಂಬಕ್ಕೆ ಬೇರೆ ಕೂಲಿ, ಆದರೆ ಗಾಡಿಗೆ 50 ಸಾಂತೀಮ್ (ನೂರು ಸಾಂತೀಮ್‌ಗೆ ಒಂದು ಫ್ರಾಂಕ್) ಇದ್ದದ್ದು 40. ಕೂಡಿ ಕಳೆದರೆ ಕಾರ್ಮಿಕನಿಗೆ ನಷ್ಟ. ನಾನು ಇದನ್ನು ಎರಡು ನಿಮಿಷದಲ್ಲಿ ಮುಗಿಸಿ ಮುಂದೆ ಹೋಗುತ್ತಿದ್ದೆ. ಆ ಹುಡುಗ ಎದ್ದು ನಿಂತ. ‘ಸಾರ್, ಅದು ಲೆಕ್ಕ ಅಲ್ಲ. ಜೀವ ಉಳಿಸೋ ಕೆಲಸಕ್ಕೆ ಕಾಸಿಲ್ಲ, ಕಲ್ಲು ತೆಗೆಯೋ ಕೆಲಸಕ್ಕೆ ಕಾಸು. ನಮ್ಮಪ್ಪ ಟಿಂಬರ್ ಗ್ಯಾಂಗ್. ಮನೇಲಿ ಇದನ್ನೇ ಮಾತಾಡ್ತಾರೆ’ ಅಂದ. ಕ್ಲಾಸು ಗಪ್‌ಚಿಪ್ ಆಯಿತು. ಮುಷ್ಕರ ಅಂದರೆ ಬಾವುಟ, ಭಾಷಣ ಅಂದುಕೊಂಡಿದ್ದ ನನಗೆ ಕಾದಂಬರಿಯ ನಡುಗಂಬ ತೋರಿಸಿದವನು ಅವನು. ನಾಲ್ಕೈದು ವಿಮರ್ಶೆ ಪುಸ್ತಕ ಓದಿದ್ದೆ, ಅವುಗಳಿಂದ ನನಗೆ ಅದು ಹೊಳೆದಿರಲಿಲ್ಲ.

ಹಾಗಾಗಿ ನಿಮ್ಮ ತಂದೆಯವರು ಎದ್ದು ಹೋದದ್ದನ್ನು ನಾನು ಓದಿಗೆ ಬಂದ ಅಡ್ಡಿ ಅಂದುಕೊಳ್ಳುವುದಿಲ್ಲ. ಅವರು ಒಂದು ವಿಮರ್ಶೆ ಹೇಳಿ ಹೋಗಿದ್ದಾರೆ. ಯಾವುದರ ಬಗ್ಗೆ ಅನ್ನುವುದನ್ನು ನೀವು ಕೇಳಬೇಕು, ಊಹಿಸಬಾರದು. ನನಗೆ ಮೂರು ಕಾರಣ ತೋಚುತ್ತವೆ.

ಒಂದು, ಕೆಮ್ಮು. ಅದು ಅವರಿಗೆ ಕಥೆಯಲ್ಲ. ಜೊತೆಗೆ ದುಡಿದವರಲ್ಲಿ ಎಷ್ಟು ಜನ ಉಸಿರಿಗೆ ಒದ್ದಾಡಿ ಹೋದರು ಅಂತ ಅವರಿಗೆ ನೆನಪಿರುತ್ತದೆ. ಆದರೆ ಇಲ್ಲಿ ಒಂದು ವ್ಯತ್ಯಾಸ ಇದೆ. ಬೊನ್‌ಮೋರ್ ಉಗುಳುವುದು ಕಪ್ಪಗೆ, ಅದು ಕಲ್ಲಿದ್ದಲು. ಒಳಗೆ ಇಳಿಯುವುದು ಬಿಟ್ಟು ಐದು ವರ್ಷವಾದರೂ ಸಾಯುವವರೆಗೆ ಮೈ ಬೆಚ್ಚಗಿಡುವಷ್ಟು ಇದ್ದಲು ನನ್ನೊಳಗಿದೆ ಅಂತ ನಗುತ್ತಾನೆ. ನಮ್ಮ ಚಿನ್ನದ ಗಣಿಯ ಧೂಳು ಬೆಣಚು ಕಲ್ಲಿನದು. ಶ್ವಾಸಕೋಶದಲ್ಲಿ ಕೂತು ಗಾಯದ ಕಲೆಯ ಹಾಗೆ ಗಟ್ಟಿಯಾಗುತ್ತದೆ. ಸಿಲಿಕೋಸಿಸ್ ಅನ್ನುವುದು ಅದಕ್ಕೇ. ಕ್ಷಯವೂ ಬೇಗ ಅಂಟುತ್ತದೆ. ಹೊರಗೆ ಕಪ್ಪು ಏನೂ ಕಾಣುವುದಿಲ್ಲ, ಮನುಷ್ಯ ಎರಡು ಮೆಟ್ಟಿಲು ಹತ್ತಿ ನಿಂತುಬಿಡುತ್ತಾನೆ. ‘ನಮ್ಮನ್ನ ಹೀಗೆ ಬರೀಬಾರದು’ ಅಂದದ್ದರಲ್ಲಿ ‘ಇದು ನಮ್ಮದಲ್ಲ, ನಮ್ಮದು ಬೇರೆ’ ಅನ್ನುವುದೂ ಇರಬಹುದು. (ನಾನು ಡಾಕ್ಟರಲ್ಲ. ಆದರೂ ಅವರಿಗೆ ಕೆಮ್ಮು, ದಮ್ಮು ಇದ್ದರೆ ಎದೆಯ ಎಕ್ಸ್‌ರೇ ತೆಗೆಸಿ, 26 ವರ್ಷ ಒಳಗಿದ್ದವರು ಅಂತ ಡಾಕ್ಟರಿಗೆ ಹೇಳಿ. ಆ ಮಾತು ಹೇಳದೆ ಹೋದರೆ ಬರೀ ವಯಸ್ಸಿನ ಕೆಮ್ಮು ಅಂದುಕೊಳ್ಳುವ ಅಪಾಯ ಇದೆ.)

ಎರಡನೆಯದು, ಪ್ರಾಣಿಗಳ ಹೋಲಿಕೆ. ಇದರಲ್ಲಿ ನಾನು ನಿಮ್ಮ ತಂದೆಯವರ ಪಕ್ಷ. ಜೋಲಾ ಗಣಿಯನ್ನು ಹಸಿದು ಹೊಂಚು ಹಾಕಿದ ಮೃಗ ಅನ್ನುತ್ತಾರೆ, ಅದು ಸರಿ. ಜನರನ್ನು ಇಳಿಸುವ ಕೇಜ್ (ಲಿಫ್ಟ್) ಇಳಿದಾಗಲೆಲ್ಲ ಗಣಿ ಇಪ್ಪತ್ತು ಮೂವತ್ತು ಜನರನ್ನು ಒಂದೇ ತುತ್ತಿಗೆ ನುಂಗುತ್ತದೆ ಅನ್ನುವ ಚಿತ್ರ ಮರೆಯುವಂಥದ್ದಲ್ಲ. ಆದರೆ ಅದೇ ಲೇಖಕರು ಮನುಷ್ಯರನ್ನೂ ಮಂದೆ, ದನ ಅಂತ ಮತ್ತೆ ಮತ್ತೆ ಕರೆಯುತ್ತಾರೆ. ರಕ್ತದಲ್ಲೇ ಕುಡಿತ, ಸಿಟ್ಟು ಹರಿದು ಬರುತ್ತದೆ ಅಂತ ಅವರು ನಂಬಿದ್ದರು. ಒಂದೇ ವಂಶದ ಕಥೆಯನ್ನು ಇಪ್ಪತ್ತು ಕಾದಂಬರಿಗಳಲ್ಲಿ ಬರೆದರು, ಇದು ಅದರಲ್ಲಿ ಹದಿಮೂರನೆಯದು. ಆ ನಂಬಿಕೆಯ ನೆರಳು ಇಲ್ಲೂ ಇದೆ. ಜನ ದಂಗೆ ಎದ್ದ ಅಧ್ಯಾಯಗಳಲ್ಲಿ ಅವರ ಸಹಾನುಭೂತಿಯ ಪಕ್ಕದಲ್ಲೇ ಹೆದರಿಕೆಯೂ ಕೂತಿದೆ. ಒಂದು ವಾರ ಇದ್ದು ಬಂದವರ ಕಣ್ಣಿಗೆ ಕೆಲಸದ ಕೌಶಲಕ್ಕಿಂತ ಮೈಯ ಕೊಳೆ ಬೇಗ ಕಾಣುತ್ತದೆ. ಇದನ್ನು ಗುಂಪಿನಲ್ಲಿ ಬಾಯಿಬಿಟ್ಟು ಹೇಳಿ. ದೊಡ್ಡ ಪುಸ್ತಕ ಅಂತ ಮುಚ್ಚಿಡಬೇಡಿ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ, ಮರ್ಯಾದೆ. ಮಹೂ ಸಂಸಾರಕ್ಕೆ ಗಣಿ ಅಂದರೆ ಬರೀ ಶಾಪ. ಅವರ ತಾತ, ಮುತ್ತಾತ ಅದರಲ್ಲೇ ದುಡಿದರು, ಅವರೂ ಅಲ್ಲೇ. ಕೆಜಿಎಫ್‌ಗೆ ಜನ ಬಂದದ್ದು ಬೇರೆ ದಾರಿಯಲ್ಲಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಹಾಕಿದ ಮೇಲೆ ನೆಲದೊಳಗೆ ಇಳಿದವರಲ್ಲಿ ದೊಡ್ಡ ಪಾಲು ಉತ್ತರ ಆರ್ಕಾಟ್ ಕಡೆಯ ದಲಿತರು. ಊರಿನಲ್ಲಿ ಅವರಿಗೆ ಇದ್ದದ್ದು ಗೌಡರ ಹೊಲದ ಜೀತ, ಬಾವಿಯ ದೂರ. ಇಲ್ಲಿ ಬಂದರೆ ಕೈಗೆ ಕಾಸಿನ ಕೂಲಿ. ಸಾಯುವ ಭಯ ಇತ್ತು, ತಟ್ಟಿಯ ಗುಡಿಸಲು ಇತ್ತು, ಮೇಲೆ ಬಿಳಿಯರ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ ಇದ್ದವು. ಆದರೂ ಊರಿನ ಗೌಡರ ಮುಂದೆ ಬಗ್ಗಿ ನಿಲ್ಲುವುದು ತಪ್ಪಿತ್ತು. ಇಪ್ಪತ್ತನೇ ಶತಮಾನದ ಶುರುವಿನಲ್ಲೇ ಮಾರಿಕುಪ್ಪಂನಲ್ಲಿ ತಮಿಳು ದಲಿತ ಚಿಂತಕ ಅಯೋತಿದಾಸರ ಬೌದ್ಧ ಸಂಘದ ಶಾಖೆ ಇತ್ತು. ಓದು, ಪತ್ರಿಕೆ, ಸಭೆ, ಸಂಘ, ಎಲ್ಲವೂ ಕಾರ್ಮಿಕರ ಲೈನ್ ಮನೆಗಳಲ್ಲೇ ಬೆಳೆದವು. ಅಂಥ ಕಡೆ ಬೆಳೆದು, ಚಾಂಪಿಯನ್ ರೀಫ್‌ನಂಥ ಕಡೆ ಕೆಲಸ ಮಾಡಿದವರಿಗೆ ಅದು ಹೆಮ್ಮೆಯ ವಿಷಯ. ಸುಮಾರು 3.2 ಕಿಲೋಮೀಟರ್ ಆಳ ಅದು, ಫ್ರಾನ್ಸಿನ ಆ ಗಣಿಯ ಐದಾರು ಪಟ್ಟು. ಜೋಲಾ ತಮ್ಮ ಕಾರ್ಮಿಕರು ಮಲಗಿಕೊಂಡು ಕಡಿಯುವ ಜಾಗದಲ್ಲಿ 35 ಡಿಗ್ರಿ ಬಿಸಿ ಅಂತ ಬರೆದು ಓದುಗರನ್ನು ಬೆವರಿಸುತ್ತಾರೆ. ನಿಮ್ಮ ತಂದೆಯವರು ಅದನ್ನು ಕೇಳಿ ಒಳಗೊಳಗೇ ನಕ್ಕಿರಬೇಕು. ಕೆಜಿಎಫ್‌ನ ಆ ಆಳದಲ್ಲಿ ಬರೀ ಕಲ್ಲೇ 60 ಡಿಗ್ರಿ ದಾಟುತ್ತಿತ್ತು.

ಇದು ಗೊತ್ತಾದರೆ ನಾಟಕದ ಪ್ರಶ್ನೆಗೂ ಅರ್ಧ ಉತ್ತರ ಸಿಗುತ್ತದೆ. ಎತಿಯೆನ್‌ಗೆ ತಮಿಳು ಹೆಸರಿಟ್ಟು, ಕಾದಂಬರಿಯ ಊರು ಮಾಂಸೂ ಬದಲು ನಮ್ಮ ಉರಿಗಾಂ ಅಂದುಬಿಟ್ಟರೆ ಕೆಜಿಎಫ್ ಕಥೆ ಆಗುವುದಿಲ್ಲ. ಮೊದಲಿಗೆ ಜಾತಿ ಬಿಟ್ಟುಹೋಗುತ್ತದೆ. ಫ್ರೆಂಚ್ ಕಾದಂಬರಿಯಲ್ಲಿ ಮೇಲೆ ಕೆಳಗೆ ಅನ್ನುವುದು ದುಡ್ಡಿನ ಲೆಕ್ಕ. ಇಲ್ಲಿ ಬಿಳಿಯರು, ಆಂಗ್ಲೋ ಇಂಡಿಯನ್ನರು, ಮೇಸ್ತ್ರಿಗಳು, ಕೂಲಿಗಳು ಅಂತ ಮೆಟ್ಟಿಲ ಮೇಲೆ ಮೆಟ್ಟಿಲು, ಪ್ರತಿ ಮೆಟ್ಟಿಲಿಗೂ ಹುಟ್ಟಿನ ಲೆಕ್ಕ. ಎರಡನೆಯದನ್ನು ಬಹಳ ಜನ ಗಮನಿಸುವುದಿಲ್ಲ. ಕಲ್ಲಿದ್ದಲು ಕಾರ್ಮಿಕನ ಮನೆಗೂ ಬರುತ್ತದೆ. ಮಹೂ ಮನೆಯಲ್ಲಿ ಊಟಕ್ಕಿಲ್ಲದಿದ್ದರೂ ಕಂಪನಿ ಕೊಟ್ಟ ಇದ್ದಲು ಉರಿಯುತ್ತದೆ, ತಾವು ಅಗೆದದ್ದರಲ್ಲೇ ಕೈ ಕಾಯಿಸಿಕೊಳ್ಳುತ್ತಾರೆ. ಚಿನ್ನ ಹಾಗಲ್ಲ. ಅಗೆದವನು ಅದನ್ನು ಮುಟ್ಟುವ ಹಾಗಿಲ್ಲ, ಮೇಲೆ ಬಂದಾಗ ಅವನೇ ಕಳ್ಳನಿರಬಹುದು ಅನ್ನುವ ಅನುಮಾನ. ಮೈ ತಪಾಸಣೆ, ಕಾವಲು, ದಾಖಲೆ. 1930ರಲ್ಲಿ ಬೆರಳಚ್ಚು ಕೊಡಬೇಕು ಅಂದಾಗ ಕೆಜಿಎಫ್ ಕಾರ್ಮಿಕರು ಮುಷ್ಕರ ಹೂಡಿದ್ದು ಸುಮ್ನೆ ಅಲ್ಲ. ಅಲ್ಲಿನ ಮುಷ್ಕರ ಹತ್ತು ಸಾಂತೀಮ್‌ಗೆ, ಇಲ್ಲಿನದು ‘ನಾವು ಕಳ್ಳರಲ್ಲ’ ಅನ್ನುವುದಕ್ಕೆ. ಎರಡು ಊರಿನ ಗಾಳಿಯೇ ಬೇರೆ. ಜೋಲಾ ಕಥೆಯನ್ನು ಹಾಗೇ ತಂದರೆ ಈ ಅನುಮಾನದ ಗಾಳಿ ನಾಟಕದಲ್ಲಿ ಬೀಸುವುದೇ ಇಲ್ಲ.

ನಾಟಕ ಮಾಡಲೇಬೇಕು ಅಂದರೆ ಕಥೆ ತರಬೇಡಿ, ರೀತಿ ತನ್ನಿ. ಒಂದೇ ಬೆಳಗ್ಗೆ, ಎರಡು ಮನೆ. ಪಾಳಿಯ ಸಂಗು (ಸೈರನ್) ಕೂಗುವ ಹೊತ್ತಿಗೆ ಲೈನ್ ಮನೆಯಲ್ಲಿ ಏನು, ಬಂಗಲೆಯಲ್ಲಿ ಏನು. ಕಾಲೇಜು ಹುಡುಗರೇ ಅಜ್ಜ ಅಜ್ಜಿಯರನ್ನು ಕೇಳಿ ಬರೆಯಲಿ. ಚಿನ್ನ ತೆಗೆದು ಉಳಿದ ಪುಡಿ ಮಣ್ಣಿನ ಸೈನೈಡ್ ದಿಬ್ಬದಿಂದ ಧೂಳು ಗಾಳಿ ಎದ್ದ ದಿನ ಒಣಹಾಕಿದ ಬಟ್ಟೆ ಏನಾಗುತ್ತಿತ್ತು ಅಂತ ಅಜ್ಜಿಯರಿಗೆ ಗೊತ್ತಿರುತ್ತದೆ. ಇದಕ್ಕೆ ಸಮಯ ಹಿಡಿಯುತ್ತದೆ, ಈ ವರ್ಷದ ಕಾಲೇಜ್ ಡೇಗೆ ಆಗದೆಯೂ ಹೋಗಬಹುದು. ಇನ್ನೊಂದು ಅಪಾಯವೂ ಇದೆ. ಮನೆಯವರ ನೋವನ್ನು ವೇದಿಕೆಗೆ ತಂದಾಗ ಮನೆಯವರು ಮೊದಲ ಸಾಲಿನಲ್ಲಿ ಕೂತಿರುತ್ತಾರೆ. ಮೊದಲೇ ಓದಿ ಕೇಳಿಸಿ, ಬೇಡ ಅಂದದ್ದನ್ನು ತೆಗೆಯಿರಿ.

ಓದು ನಿಲ್ಲಿಸಬೇಕಾ ಅಂದಿರಿ. ನಿಲ್ಲಿಸಬಹುದು, ತಪ್ಪೇನಿಲ್ಲ. ಪುಸ್ತಕಕ್ಕಿಂತ ಮನೆಯ ಹಿರಿಯರು ದೊಡ್ಡವರು. ಆದರೆ ಹಾಗೆ ನಿಲ್ಲಿಸಿದರೆ ಅವರು ಹೇಳಿದ ಮಾತು ಅರ್ಧಕ್ಕೇ ನಿಲ್ಲುತ್ತದೆ. ‘ನನ್ನಿಂದ ನಿಂತಿತು’ ಅಂತ ಅವರಿಗೂ ಅನ್ನಿಸಬಹುದು. ಅವರು ಇಲ್ಲದಾಗ ಓದುವುದು ಇನ್ನೊಂದು ದಾರಿ. ಅದು ನನಗೆ ಇಷ್ಟವಿಲ್ಲ. ಗಣಿ ಕಂಡವರನ್ನು ಒಳಕೋಣೆಗೆ ಕಳಿಸಿ ಗಣಿಯ ಪುಸ್ತಕ ಓದುವುದು ಎಂಥ ಓದು? ಕಷ್ಟದ ಭಾಗ ಹಾರಿಸಿ ಓದಿದರೆ ಉಳಿಯುವುದು ಒಂದು ಪ್ರೇಮಕಥೆ ಮತ್ತು ಒಂದು ಗಲಾಟೆ.

ನಾನಾಗಿದ್ದರೆ ಹೀಗೆ ಮಾಡುತ್ತೇನೆ. ಎರಡು ವಾರ ಪುಸ್ತಕ ಮುಚ್ಚಿಡುತ್ತೇನೆ. ಅವರು ಕಾಫಿ ಕುಡಿಯುವ ಹೊತ್ತಿಗೆ, ಗುಂಪಿಲ್ಲದಾಗ, ‘ಅಪ್ಪ, ಆ ಪುಸ್ತಕದಲ್ಲಿ ಏನು ತಪ್ಪು ಬರೆದಿದ್ದಾನೆ?’ ಅಂತ ಕೇಳುತ್ತೇನೆ. ‘ಯಾಕೆ ಬೇಜಾರಾಯಿತು’ ಅಂತ ಕೇಳಬೇಡಿ. ನಮ್ಮ ಕಡೆಯ ಗಂಡಸರು ಬೇಜಾರಿನ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ, ತಪ್ಪು ತೋರಿಸು ಅಂದರೆ ಗಂಟೆಗಟ್ಟಲೆ ಹೇಳುತ್ತಾರೆ. ಅವರು ಮಾತಾಡಿದರೆ, ಗುಂಪಿಗೆ ಬನ್ನಿ ಅನ್ನಿ. ಕೇಳುಗರಾಗಿ ಬೇಡ, ತಿದ್ದುವವರಾಗಿ. ಕೇಜ್ ಹೇಗೆ ಇಳಿಯುತ್ತದೆ, ಕಂಬ ಹೇಗೆ ಕೊಡುತ್ತಾರೆ, ಕುಸಿಯುವ ಮುಂಚೆ ಕಲ್ಲು ಹೇಗೆ ಸದ್ದು ಮಾಡುತ್ತದೆ ಅನ್ನುವ ಕಡೆಯಲ್ಲೆಲ್ಲ ಓದು ನಿಲ್ಲಿಸಿ ಅವರನ್ನು ಕೇಳಿ. ಇದರಲ್ಲೂ ಒಂದು ಅಪಾಯ ಇದೆ. ರಾಕ್‌ಬರ್ಸ್ಟ್‌ನ, ಅಂದರೆ ಆಳದಲ್ಲಿ ಕಲ್ಲು ಒತ್ತಡಕ್ಕೆ ಸಿಡಿಯುವುದರ, ನೆನಪು ಬಂದರೆ ಅವರು ತಡೆದುಕೊಳ್ಳಲಾರದೆ ಹೋಗಬಹುದು. ಹಾಗಾದರೆ ಪುಸ್ತಕ ಪಕ್ಕಕ್ಕಿಟ್ಟು ಟೀ ಮಾಡಿ. ಬರುವುದಿಲ್ಲ ಅಂದರೆ ಒತ್ತಾಯ ಬೇಡ.

ಬೊನ್‌ಮೋರ್ ಇನ್ನೂ ಯಾಕೆ ಕೆಲಸಕ್ಕೆ ಬರುತ್ತಾನೆ ಅನ್ನುವುದು ಮೊದಲ ಅಧ್ಯಾಯದಲ್ಲೇ ಇದೆ. ಕೆಮ್ಮಿನ ಗದ್ದಲದಲ್ಲಿ ನಿಮ್ಮ ಗುಂಪಿಗೆ ತಪ್ಪಿಹೋಗಿರಬಹುದು. ಈಗ ಬಿಟ್ಟರೆ ಪಿಂಚಣಿ 150 ಫ್ರಾಂಕ್. ಅರವತ್ತು ತುಂಬುವವರೆಗೆ ತಡೆದರೆ 180. ಆ ಮೂವತ್ತು ಫ್ರಾಂಕಿಗೆ ಇನ್ನೆರಡು ವರ್ಷ ರಾತ್ರಿ ಪಾಳಿ. ಅವನು ಪೆದ್ದನಲ್ಲ, ಕಂಪನಿಯ ಆಟ ಅವನಿಗೆ ಗೊತ್ತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದಾಗ ಐವತ್ತರ ಆಸುಪಾಸಿನಲ್ಲಿದ್ದ ನಿಮ್ಮ ತಂದೆಯವರಿಗೆ ಈ ಲೆಕ್ಕ ವಿವರಿಸಬೇಕಾಗಿಲ್ಲ. ಮತ್ತೆ ಕೂತಾಗ ಕೆಮ್ಮಿನಿಂದ ಶುರು ಮಾಡಬೇಡಿ, ಈ ಪಿಂಚಣಿಯ ಪ್ಯಾರಾದಿಂದ ಮಾಡಿ. ಓದಿ ಮುಗಿಸಿ ಒಂದು ನಿಮಿಷ ಸುಮ್ಮನೆ ಕೂತಿರಿ, ನೀವಾಗಿ ಏನೂ ಹೇಳಬೇಡಿ. ಅವರು ಏನಂದರು ಅಂತ ನನಗೆ ಒಂದು ಸಾಲು ಬರೆದು ತಿಳಿಸಿ.